ತಳದ ಫೋಟೋ

ಫೋನು ಬಂದಾಗ ಸಣ್ಣಪ್ಪ ಊರ ನೀರಿನ ಟ್ಯಾಂಕಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಮೇಲಿನ ಓಣಿಯ ವಾಲ್ವು ತಿರುಗಿಸುತ್ತಿದ್ದ. ಬಲಗೈಯಲ್ಲಿ ಪಾನಾ, ಎಡಗೈಯಲ್ಲಿ ಫೋನು. ಆ ಕಡೆಯಿಂದ ಮಗಳು ಅಂಜಲಿ, ಅವಳ ಬೆನ್ನ ಹಿಂದೆ ಯಾರೋ ನಗುವ ಸದ್ದು. ಎರಡು ದೋಣಿ ಇವೆಯಂತೆ, ಎರಡರಲ್ಲಿ ಒಂದನ್ನು ಇವತ್ತು ಸಂಜೆ ಐದರೊಳಗೆ ಆರಿಸಿ ಬರೆದುಕೊಡಬೇಕಂತೆ, ಬರೆದುಕೊಡುವ ಕೆಲಸ ಅವಳದೇ ಅಂತೆ, ಯಾಕೆಂದರೆ ಹೋಗುವ ಐದು ಮಂದಿಯ ಜೀವದ ಜವಾಬ್ದಾರಿಯನ್ನು ಈ ಸಲ ಅವಳಿಗೆ ವಹಿಸಿದ್ದಾರಂತೆ. ಲಕ್ಷದ್ವೀಪದಿಂದಲೂ ಆಚೆ ಯಾವುದೋ ಹವಳದ ದಿಬ್ಬ. ಅಲ್ಲಿ ಜನ ಇಲ್ಲ, ಮನೆ ಇಲ್ಲ, ಕಾಲೂರಲು ನೆಲವೂ ಇಲ್ಲ. ಹನ್ನೆರಡು ದಿನ ದೋಣಿಯಲ್ಲೇ ಉಣ್ಣಬೇಕು, ದೋಣಿಯಲ್ಲೇ ಮಲಗಬೇಕು, ದಿನಕ್ಕೆ ಮೂರು ಸಲ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿಗಿಳಿದು ಹವಳ ಎಷ್ಟು ಸತ್ತಿದೆ, ಎಷ್ಟು ಜೀವಂತ ಇದೆ ಎಂದು ನೋಡಿ ಬರಬೇಕು. "ನಮ್ಮಪ್ಪ ಹರಗೋಲ ಹಾಕ್ತಿದ್ದ ಅಂತ ಹೇಳಿದ್ನೆಪ. ಹಂಗಿದ್ರ ನಿಮ್ಮಪ್ಪನ್ನ ಕೇಳು ಅಂದ್ರು ನಮ್ಮ ಸರ್. ಫೋಟೋ ಕಳಸ್ತೀನಿ, ನೋಡಿ ಹೇಳು" ಎಂದಳು. ಆ ಸರ್ ಅನ್ನುವವನು ನಿಜವಾಗಿ ಹೇಳಿದನೋ ಚೇಷ್ಟೆಗೆ ಹೇಳಿದನೋ ಸಣ್ಣಪ್ಪನಿಗೆ ತಿಳಿಯಲಿಲ್ಲ. ನಗು ಮಾತ್ರ ಕಿವಿಯಲ್ಲಿ ಉಳಿಯಿತು.

ಹೂಂ ಅಂದ. ಹೂಂ ಅನ್ನುವ ಬದಲು ಏನನ್ನಬೇಕಿತ್ತೋ ಅದು ಬಾಯಿಗೆ ಬರಲಿಲ್ಲ. ಹರಿಗೋಲಿಗೂ ಸಮುದ್ರದ ದೋಣಿಗೂ ಏನು ಸಂಬಂಧ? ಹರಿಗೋಲು ಅಂದರೆ ಬಿದಿರಿನ ದೊಡ್ಡ ಬುಟ್ಟಿ, ಹೊರಮೈಗೆ ಗೊಬ್ಬರದ ಚೀಲ ಹೊಲಿದು ಡಾಂಬರು ಬಳಿದದ್ದು. ಅದನ್ನು ತುಂಗಭದ್ರೆಯಲ್ಲಿ ಬಂಡೆಗಳ ನಡುವೆ ತಿರುಗಿಸಿಕೊಂಡು ಆಚೆ ದಂಡೆಗೆ ಹೋಗುವುದು, ಈಚೆ ದಂಡೆಗೆ ಬರುವುದು, ಅಷ್ಟೇ ಅವನ ವಿದ್ಯೆ. ಅದನ್ನೂ ಬಿಟ್ಟು ಆರು ವರ್ಷವಾಯಿತು. ಈಗ ಪಂಚಾಯತಿಯ ವಾಟರ್‌ಮನ್. ಹೊಳೆಯ ನೀರನ್ನು ಕೈಯಿಂದ ಮುಟ್ಟದೆ, ಪೈಪಿನೊಳಗೆ ಸದ್ದು ಕೇಳಿಯೇ ಅದು ಎಲ್ಲಿಯ ತನಕ ಹೋಯಿತು ಎಂದು ಹೇಳಬಲ್ಲ ಕೆಲಸ. ಇದನ್ನು ಮಗಳಿಗೆ ಹೇಳಬಹುದಿತ್ತು. ನಿನ್ನಪ್ಪ ಈಗ ನಳದ ಮನುಷ್ಯ, ಅವನನ್ನು ಏನು ಕೇಳುತ್ತಿ ಅನ್ನಬಹುದಿತ್ತು. ಆದರೆ ಅವಳು ಕಾರವಾರದಲ್ಲಿ ಸಮುದ್ರದ ಓದು ಓದುವಾಗಲೂ, ಮೊದಲ ಸಲ ನೀರಿಗೆ ಇಳಿದ ದಿನವೂ, ಯಾವುದನ್ನೂ ಅವನಿಗೆ ಕೇಳಿರಲಿಲ್ಲ, ಹೇಳಿದ್ದಳು ಅಷ್ಟೇ. ಕೇಳಿದ್ದು ಇದೇ ಮೊದಲು. ಫೋನು ಟುಣುಕ್ ಟುಣುಕ್ ಅಂತ ಹನ್ನೊಂದು ಸಲ ಸದ್ದು ಮಾಡಿತು. ಅವನು ಬಿಸಿಲಿಗೆ ಬೆನ್ನು ಕೊಟ್ಟು, ಅಂಗಿಯ ಚುಂಗಿನ ನೆರಳು ಮಾಡಿಕೊಂಡು ನೋಡತೊಡಗಿದ. ಮಂಚ. ಮಂಚದ ಮೇಲೆ ಬಿಳಿ ಟವೆಲ್ಲನ್ನು ಬಾತುಕೋಳಿಯ ಹಾಗೆ ಮಡಚಿ ಇಟ್ಟಿದ್ದಾರೆ. ಊಟದ ಮೇಜು. ಮತ್ತೆ ಮಂಚ. ಪಾಯಖಾನೆ. ಮೇಲಟ್ಟದ ಮೇಲೆ ಒರಗು ಕುರ್ಚಿಗಳು. ಹನ್ನೊಂದು ಫೋಟೋ ಮುಗಿಯಿತು, ದೋಣಿ ಎಲ್ಲಿದೆ ಎಂದು ಅವನಿಗೆ ತಿಳಿಯಲಿಲ್ಲ.

ಕೆಳಗಿನ ಓಣಿಗೆ ನೀರು ಬಿಡುವುದೇ ಮರೆತಿತ್ತು. ಫಕೀರಮ್ಮ ಎರಡು ಖಾಲಿ ಕೊಡ ಹಿಡಿದುಕೊಂಡು ಟ್ಯಾಂಕಿನ ತನಕ ಬಂದಳು. ಕೊಡ ನೆಲಕ್ಕೆ ಕುಕ್ಕಿ, ನಮ್ಮ ಓಣಿಯವರು ಮನುಷ್ಯರಲ್ಲವೋ ಏನು ಎಂದು ಶುರು ಮಾಡಿ, ಪಂಚಾಯತಿಯನ್ನು, ಅಧ್ಯಕ್ಷನನ್ನು, ಸಣ್ಣಪ್ಪನನ್ನು ಒಂದೇ ಉಸಿರಿನಲ್ಲಿ ಜಾಡಿಸಿದಳು. ಬೇರೆ ದಿನವಾಗಿದ್ದರೆ ಪಾನಾ ಎಸೆದು, ತಗೋ ನೀನೇ ತಿರುಗಿಸಿಕೋ ಎಂದು ಎದ್ದು ಹೋಗುತ್ತಿದ್ದ. ಅವನ ಸಿಟ್ಟು ಊರಿಗೆಲ್ಲ ಗೊತ್ತು. ಇವತ್ತು ಸುಮ್ಮನೆ ವಾಲ್ವು ತಿರುಗಿಸಿದ. ಫಕೀರಮ್ಮನಿಗೆ ಅದೇ ಗಾಬರಿಯಾಯಿತು. ಮೈಯಾಗ ಆರಾಮ ಇಲ್ಲೇನೋ ಎಂದು ಕೇಳಿದಳು. ಅವನ ತಲೆಯಲ್ಲಿ ಹರಿಗೋಲೇ ತಿರುಗುತ್ತಿತ್ತು. ಹರಿಗೋಲು ಕೊಳ್ಳಲು ಬಂದವರು ಮೊದಲು ಅದನ್ನು ಬೋರಲು ಹಾಕಿಸುತ್ತಾರೆ, ಮೇಲಿನಿಂದ ಯಾರೂ ನೋಡುವುದಿಲ್ಲ. ಮೇಲೆ ನೋಡಲು ಏನಿದೆ, ಬಿದಿರಿನ ಕಟ್ಟು. ಬೋರಲು ಹಾಕಿ, ಒಂದು ಬದಿ ಎತ್ತಿ, ತಲೆ ಒಳಗೆ ತೂರಿಸಿ ಕೂತು ಸೂರ್ಯನ ಕಡೆ ನೋಡಬೇಕು. ಸೂಜಿಯ ಕಣ್ಣಿನಷ್ಟು ಬೆಳಕು ಬಂದರೂ ತಳ ಹೋಗಿದೆ ಎಂದರ್ಥ. ಆಮೇಲೆ ಹೆಬ್ಬೆರಳಿನಿಂದ ಒತ್ತಬೇಕು. ಒಳ್ಳೆಯ ಬಿದಿರು ಹೆಬ್ಬೆರಳನ್ನು ಹಿಂದಕ್ಕೆ ನೂಕುತ್ತದೆ, ಕೊಳೆತದ್ದು ನೂಕುವುದಿಲ್ಲ. ಅಣ್ಣನ ಮಗ ಮಲ್ಲೇಶನಿಗೆ ಅವನೇ ಇದನ್ನು ಕಲಿಸಿದ್ದ. ಏಳು ವರ್ಷದ ಹುಡುಗ ಹರಿಗೋಲಿನ ಕೆಳಗೆ ಕೂತು, ಕಾಕಾ, ಇಲ್ಲಿ ಚುಕ್ಕಿ ಕಾಣಾಕ ಹತ್ಯಾವು ಎಂದು ಕೂಗಿದ್ದ.

ಮನೆಗೆ ಬಂದರೆ ಹುಲಿಗವ್ವ ಒಬ್ಬಳೇ ಇದ್ದಳು. ಹೆಂಡತಿ ಮುದಕಮ್ಮ ಮರಳಿ ಎಂಬ ಊರಿಗೆ ಬತ್ತದ ನಾಟಿ ಹಚ್ಚಲು ಹೋಗಿದ್ದಳು, ಬರುವುದು ಕತ್ತಲಾದ ಮೇಲೆ. ಹುಲಿಗವ್ವ ಅವನ ಅಣ್ಣನ ಹೆಂಡತಿ, ಮಲ್ಲೇಶನ ತಾಯಿ. ಅಣ್ಣ ತೀರಿಹೋದದ್ದು ಮಲ್ಲೇಶ ಇನ್ನೂ ತೊಟ್ಟಿಲಲ್ಲಿದ್ದಾಗ. ಮಲ್ಲೇಶ ತೀರಿಹೋದದ್ದು ತನ್ನ ಇಪ್ಪತ್ತೊಂದನೆಯ ವಯಸ್ಸಿಗೆ. ಅಂದಿನಿಂದ ಇವತ್ತಿನ ತನಕ ಅವಳು ಇದೇ ಮನೆಯಲ್ಲಿ, ಇದೇ ಒಲೆಯ ಮುಂದೆ ಅವನಿಗೆ ರೊಟ್ಟಿ ಬಡಿದು ಹಾಕುತ್ತಾಳೆ, ಅವನು ತಟ್ಟೆ ನೋಡಿಕೊಂಡು ಉಣ್ಣುತ್ತಾನೆ. ಅವಳ ಮುಖಕ್ಕೆ ಮುಖ ಕೊಟ್ಟು ಯಾವಾಗ ಉಂಡಿದ್ದೆ ಎಂದು ನೆನೆಸಿದರೆ ನೆನಪಾಗುವುದಿಲ್ಲ. ಅಂಜಲಿಯ ಫೋನಿನ ವಿಷಯ ಹೇಳಿದ. ಹುಲಿಗವ್ವ ಕೈ ಒರೆಸಿಕೊಂಡು ಫೋಟೋ ನೋಡಿದಳು, ಇದೇನು ದೋಣಿಯೋ ಮದುವೆ ಮನೆಯೋ ಎಂದಳು. ಹವಳ ನೀರಿನಲ್ಲಿ ಬೆಳೆಯುತ್ತದೆ ಎಂದು ಅವಳಿಗೆ ಅಂಜಲಿಯೇ ಹೇಳಿದ್ದಳಂತೆ. ತಾನು ಮದುವೆಯಲ್ಲಿ ಕಟ್ಟಿಕೊಂಡಿದ್ದ ತಾಳಿಯ ಎರಡು ಹವಳದ ಮಣಿಯೂ ಒಂದು ಕಾಲಕ್ಕೆ ಜೀವ ಇದ್ದವು ಎಂದು ಕೇಳಿ ಅವಳು ಎರಡು ದಿನ ಅದನ್ನೇ ಮಾತಾಡಿದ್ದಳು. ಪಾಯಖಾನೆಯ ಫೋಟೋ ಬಂದಾಗ ಬೆರಳಿಟ್ಟು ನಿಲ್ಲಿಸಿದಳು. "ಗಂಡಸರೂ ಇರ್ತಾರಲ್ಲ. ಬಾಗಲಕ ಒಳಗಿಂದ ಚಿಲಕ ಐತೇನ ಕೇಳು" ಎಂದಳು. ಅಪ್ಪನಾದವನು ಕೇಳಲಾರದೆ ಮುಂಜಾನೆಯಿಂದ ನುಂಗಿಕೊಂಡಿದ್ದ ಮಾತು ಅದು. ಅವಳು ಎಷ್ಟು ಸಲೀಸಾಗಿ ಅಂದಳು ಎಂದು ಅವನಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಫೋನಿನ ಗಾಜು ಒಡೆದಿತ್ತು, ಕಣ್ಣೂ ಮೊದಲಿನಂತಿಲ್ಲ. ದೊಡ್ಡದು ಮಾಡಿ ನೋಡೋಣ ಎಂದು ಬಸ್ಸು ಹತ್ತಿ ಗಂಗಾವತಿಗೆ ಹೋದ. ಬಸ್ ನಿಲ್ದಾಣದ ಎದುರು ಮಾಜೀದನ ಆನ್‌ಲೈನ್ ಅಂಗಡಿ. ಪಂಚಾಯತಿ ಕೆಲಸದ ಕಾಗದಗಳೆಲ್ಲ ಅಲ್ಲೇ ಆಗುವುದರಿಂದ ಪರಿಚಯ. ಪಹಣಿ ತೆಗೆಸುವವರು, ರೇಷನ್ ಕಾರ್ಡಿನವರು, ಪರೀಕ್ಷೆಗೆ ಅರ್ಜಿ ತುಂಬುವ ಹುಡುಗಿಯರು, ಬಾಗಿಲ ತನಕ ಜನ. ಮಾಜೀದ ಬೇಜಾರಿಲ್ಲದೆ ಫೋಟೋಗಳನ್ನು ದೊಡ್ಡ ಪರದೆಗೆ ಹಾಕಿದ. ಸಾಲಿನಲ್ಲಿದ್ದವನೊಬ್ಬ, ಇದು ಯಾವ ಊರ ಲಾಡ್ಜ್‌ರೀ, ಹೊಸಪೇಟಿದೇನು ಎಂದು ಕೇಳಿದ. ದೋಣಿ ಅಂದಾಗ ಎಲ್ಲರೂ ಮುಂದೆ ಬಾಗಿದರು. ಫೋನಿನಲ್ಲಿ ಕಾಣದಿದ್ದ ಹೊರಮೈ ದೊಡ್ಡ ಪರದೆಯಲ್ಲಿ ಕಂಡಿತು. ಬಿಳಿ ಬಣ್ಣದ್ದು ಫೈಬರಿನದು, ಮೂರು ಅಂತಸ್ತು. ಇನ್ನೊಂದು ಕಟ್ಟಿಗೆಯದು, ಹಳೆಯದು, ಒಂದು ಬದಿಯಲ್ಲಿ ಯಾರೋ ಒಗೆದ ಲುಂಗಿ ಒಣಹಾಕಿದ್ದಾರೆ. ಬಿಳಿಯದೇ ಛಲೋ ಐತಿ ಎಂದು ಸಾಲಿನ ತುಂಬ ಅಭಿಪ್ರಾಯ ಬಂತು. ಸಣ್ಣಪ್ಪ ಒಂದೊಂದು ಫೋಟೋಗೂ, ಕೆಳಗೆ ಸರಿಸು, ಇನ್ನೂ ಕೆಳಗೆ ಸರಿಸು ಎನ್ನುತ್ತಿದ್ದ. ಕೆಳಗೆ ನೀರು. ನೀರಿನ ಕೆಳಗೆ ಪರದೆಯ ಅಂಚು, ಅದರ ಕೆಳಗೆ ಮಾಜೀದನ ಕೀಬೋರ್ಡು. "ಕಾಕಾ, ಎತ್ತು ಕೊಳ್ಳಾಕ ಬಂದಂಗ ಮಾಡಾಕ ಹತ್ತೀಯಲ್ಲ, ಹಲ್ಲು ಎಣಸ್ತೀಯೇನು" ಎಂದ ಮಾಜೀದ. ಅಂಗಡಿಯೆಲ್ಲ ನಕ್ಕಿತು, ಅರ್ಜಿ ತುಂಬುವ ಹುಡುಗಿಯರೂ ನಕ್ಕರು. ಮುಂಜಾನೆ ಫೋನಿನಲ್ಲಿ ಕೇಳಿದ ನಗುವೂ ಇದೂ ಒಂದೇ ಬಾಯಿಂದ ಬಂದ ಹಾಗಿತ್ತು. ಸಣ್ಣಪ್ಪ ಕೈ ಎತ್ತಿದ್ದ, ಹೊಡೆಯಲಿಕ್ಕೋ ಫೋನು ಕಿತ್ತುಕೊಳ್ಳಲಿಕ್ಕೋ. ಎತ್ತಿದ ಕೈಯಿಂದ ತಲೆ ಕೆರೆದುಕೊಂಡ. ಕೆರೆದುಕೊಳ್ಳುವಾಗ ತಾನು ಇಲ್ಲಿ ಇಷ್ಟು ಜನರ ಮುಂದೆ ಯಾಕೆ ನಿಂತಿದ್ದೇನೆ ಎಂದು ನಾಚಿಕೆಯಾಯಿತು.

ಹೊರಗೆ ಬಂದು, ಕಬ್ಬಿನ ಹಾಲಿನ ಗಾಡಿಯ ಗದ್ದಲದ ಪಕ್ಕದಲ್ಲಿ ನಿಂತು ಮಗಳಿಗೆ ಫೋನು ಹಚ್ಚಿದ. ಚಿಲಕದ ಮಾತು ಮೊದಲು ಕೇಳಿದ, ದೊಡ್ಡವ್ವ ಕೇಳಾಕ ಹೇಳ್ಯಾಳ ಎಂದು ಸೇರಿಸಿದ. ಐತಿ ಎಂದಳು. ಆಮೇಲೆ, "ತಳಾ ತೋರಸಂತ ಹೇಳು ಅವರಿಗೆ. ಮ್ಯಾಲೆ ಎಷ್ಟ ತೋರಿಸಿದ್ರೇನು" ಎಂದ. ನಗುತ್ತಾಳೆ ಎಂದು ಕಾದ. ಅವಳು ನಗಲಿಲ್ಲ. "ಹೌದಲ್ಲಪ. ಕೇಳೇ ಇಲ್ಲ ನಾವು" ಎಂದಳು. ಒಂದು ಗಳಿಗೆ ಸಣ್ಣಪ್ಪನ ಎದೆ ಅಗಲವಾಯಿತು. ಎದುರಿನ ಅಂಗಡಿಗೆ ಹೋಗಿ ಮಾಜೀದನಿಗೆ ಹೇಳಿ ಬರಬೇಕು ಅನ್ನಿಸಿತು. ಬಸ್ಸು ಬಂತು, ಹತ್ತಿದ.

ಬತ್ತದ ಗದ್ದೆಗಳ ನಡುವೆ ಬಸ್ಸು ಹೋಗುತ್ತಿರುವಾಗ ಅಂಜಲಿ ಕಳಿಸಿದ ಫೋಟೋ ಬಂತು. ಕಟ್ಟಿಗೆ ದೋಣಿಯ ಮುದುಕ, ದೋಣಿ ನೀರಿನಲ್ಲಿದೆ, ಫೋಟೋ ಗೀಟೋ ಇಲ್ಲ, ನೋಡುವವರು ಬಂದು ನೋಡಲಿ ಎಂದನಂತೆ. ಬಿಳಿ ದೋಣಿಯವರು ಐದೇ ನಿಮಿಷದಲ್ಲಿ ಕಳಿಸಿದರಂತೆ. ದಂಡೆಯ ಮೇಲೆ ಕಂಬ ಕೊಟ್ಟು ನಿಲ್ಲಿಸಿದ ದೋಣಿ, ಅದರ ಹೊಟ್ಟೆ ಪೂರ್ತಿ ಕಾಣುತ್ತದೆ. ಕೆಂಪು ಬಣ್ಣ. ಹೊಸ ಬಣ್ಣ. ಎಷ್ಟು ಹೊಸದೆಂದರೆ ಬಿಸಿಲು ಅದರ ಮೇಲೆ ಒದ್ದೆಯಾಗಿ ಹೊಳೆಯುತ್ತಿತ್ತು, ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಅದರ ಕೆಳಗೆ ಅಂಜಲಿ ಬರೆದಿದ್ದಳು: ಈಗ ಸಮಾಧಾನ ಆಯಿತೇನಪ್ಪ.

ಸಣ್ಣಪ್ಪ ಫೋನನ್ನು ಬೋರಲು ಮಾಡಿ ತೊಡೆಯ ಮೇಲಿಟ್ಟ. ಬಸ್ಸಿನ ಕಿಟಕಿಗೆ ಮುಖ ಕೊಟ್ಟ. ಅವತ್ತೂ ಹೀಗೇ ಹೊಳೆಯುತ್ತಿತ್ತು, ಕರಿ ಬಣ್ಣ ಅಷ್ಟೇ ವ್ಯತ್ಯಾಸ. ಆರು ವರ್ಷದ ಹಿಂದಿನ ಶ್ರಾವಣದ ಮಾತು. ಹಳೆಯ ಹರಿಗೋಲಿನ ತಳದಲ್ಲಿ, ನಟ್ಟನಡುವೆ ಅಲ್ಲ, ಸ್ವಲ್ಪ ಬದಿಗೆ, ಒಂದು ಅಂಗೈ ಅಗಲ ಬಿದಿರು ಕೊಳೆತಿತ್ತು. ಹೆಬ್ಬೆರಳು ಇಟ್ಟರೆ ಒಳಗೆ ಹೋಗುತ್ತಿತ್ತು. ಅದನ್ನು ನೂರಸಾಬನಿಗೆ ಮಾರುವುದೆಂದು ಮಾತಾಗಿತ್ತು. ಐತವಾರ ಬಂದು ನೋಡುತ್ತೇನೆ ಎಂದಿದ್ದ ನೂರಸಾಬ. ಶುಕ್ರವಾರ ಸಣ್ಣಪ್ಪ ಅದಕ್ಕೆ ಒಳಗೂ ಹೊರಗೂ ಡಾಂಬರು ಬಳಿದ. ದಪ್ಪಗೆ. ಹೆಬ್ಬೆರಳಿಗೆ ಗಟ್ಟಿ ಹತ್ತುವ ಹಾಗೆ, ಬೆಳಕು ತೂರದ ಹಾಗೆ. ಮೋಸ ಎಂದು ಅದನ್ನು ಯಾರೂ ಕರೆಯುತ್ತಿರಲಿಲ್ಲ, ಮಾರುವವರು ಬಳಿಯುತ್ತಾರೆ, ಕೊಳ್ಳುವವರು ಕೆರೆದು ನೋಡುತ್ತಾರೆ. ಶನಿವಾರ ಮುಂಜಾನೆ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಹೊಳೆ ಏರುತ್ತಿತ್ತು, ನಡುಗಡ್ಡೆಯಲ್ಲಿ ಕಟ್ಟಿದ್ದ ಎಮ್ಮೆ ಬಿಚ್ಚಿಕೊಂಡು ಬರಬೇಕಿತ್ತು. ಎಮ್ಮೆ ಈಜಿಕೊಂಡು ಬರುತ್ತದೆ, ಬಿಚ್ಚಲು ಒಬ್ಬ ಹೋಗಬೇಕು. ಒಳ್ಳೆಯ ಹರಿಗೋಲು ಆಚೆ ದಂಡೆಯಲ್ಲೇ ಉಳಿದುಬಿಟ್ಟಿತ್ತು. ಮಲ್ಲೇಶ ಡಾಂಬರಿನದನ್ನು ಎತ್ತಿ ನೋಡಿ, "ಕಾಕಾ, ಇದು ಭಾಳ ವಜ್ಜಿ ಆಗೈತಿ, ಯಾಕೋ ಮನಸ ಒಪ್ಪವಲ್ದು" ಎಂದ. ಅಲ್ಲಿ ಹೇಳಬಹುದಿತ್ತು. ಒಂದು ಮಾತು. ತಳ ಸರಿ ಇಲ್ಲ, ಬೇಡ, ಎಮ್ಮೆ ಹೋದರೆ ಹೋಗಲಿ. ಆದರೆ ಹಾಗೆ ಹೇಳಿದರೆ, ಮತ್ತೆ ನೂರಸಾಬಗ ಯಾಕ ಮಾರಾಕ ಹತ್ತೀದಿ ಎಂದು ಹುಡುಗ ಕೇಳುತ್ತಿದ್ದ. ಆ ಹುಡುಗ ಹಾಗೆ ಕೇಳುವ ಜಾತಿಯವನೇ. ಸಣ್ಣಪ್ಪನಿಗೆ ಸಿಟ್ಟು ಬಂತು. "ಹೆಂಗಸರಗತೆ ಅಂಜತಿಯಲ್ಲೋ, ಸೀರಿ ಉಟಗೋ ಹೋಗು" ಎಂದ. ಹುಡುಗ ಹುಟ್ಟು ತೆಗೆದುಕೊಂಡು ಹೋದ.

ಮೂರು ದಿನ ಮುಳುಗಿ ಹುಡುಕಿದ. ಸಿಲಿಂಡರು ಇಲ್ಲ, ಏನಿಲ್ಲ, ಎದೆಯೊಳಗಿನ ಉಸಿರಷ್ಟೇ. ಕೆಂಪು ನೀರಿನಲ್ಲಿ ಕಣ್ಣು ತೆರೆದರೂ ಮುಚ್ಚಿದರೂ ಒಂದೇ, ಬಂಡೆಯ ಸಂದುಗಳನ್ನು ಕೈಯಿಂದ ತಡಕಾಡಿದ. ಹುಡುಗ ಸಿಕ್ಕಿದ್ದು ಅವನ ಕೈಗೇ. ಹರಿಗೋಲು ಎರಡು ಮೈಲಿ ಕೆಳಗೆ ಬಂಡೆಗೆ ಒರಗಿ ನಿಂತಿತ್ತು, ತಳದಲ್ಲಿ ಹರಿದಿತ್ತು. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ ಎಂದು ಎಲ್ಲರ ಮುಂದೆ ಹೇಳಿ, ಪೊಲೀಸಿನವನು ಬರುವ ಮೊದಲೇ ದಂಡೆಯ ಮೇಲೆ ಸುಟ್ಟುಬಿಟ್ಟ. ಡಾಂಬರು ಜಾಸ್ತಿ ಇದ್ದದ್ದಕ್ಕೆ ಚೆನ್ನಾಗಿ ಉರಿಯಿತು. ಹೊಳೆಯ ಸೆಳವು ಎಂದು ಬರೆದುಕೊಂಡು ಹೋದರು. ಊರವರು ಅವನ ಭುಜ ಹಿಡಿದು ಸಮಾಧಾನ ಮಾಡಿದರು. ಬಸ್ಸಿನ ಕಂಡಕ್ಟರು ನಿಮ್ಮ ಊರು ಬಂತು ಎಂದು ಎರಡು ಸಲ ಹೇಳಿದ್ದ, ಮೂರನೆಯ ಸಲ ಬೈದ. ಇಳಿದ.

ಮನೆಗೆ ಹೋಗದೆ ಹೊಳೆಯ ದಂಡೆಗೆ ಹೋದ. ಗಂಟೆ ನಾಲ್ಕು ದಾಟಿತ್ತು. ಪುಷ್ಯ ಮಾಸದ ಹೊಳೆ, ಬಂಡೆಗಳೆಲ್ಲ ಎದ್ದು ನಿಂತು ನೀರು ನಡುನಡುವೆ ಹಾದಿ ಹುಡುಕಿಕೊಂಡು ಹೋಗುತ್ತಿತ್ತು. ಬಿಳಿ ದೋಣಿಯ ಆ ಕೆಂಪು ಬಣ್ಣದ ಹಿಂದೆ ಏನೂ ಇಲ್ಲದಿರಬಹುದು. ವರ್ಷಕ್ಕೊಮ್ಮೆ ಬಳಿಯುವುದು ಅಲ್ಲಿಯ ಪದ್ಧತಿಯೇ ಇರಬಹುದು. ಬಳಿದು ಮುಚ್ಚಿದವನಿಗೆ ಎಲ್ಲ ಬಣ್ಣವೂ ಮುಚ್ಚಿದ ಹಾಗೆ ಕಾಣುತ್ತದೋ ಏನೋ. ಕಟ್ಟಿಗೆ ದೋಣಿಯ ಮುದುಕ, ಬಂದು ನೋಡಿ ಎಂದವನು, ಪ್ರಾಮಾಣಿಕನೋ, ಬರೀ ಸೊಕ್ಕಿನವನೋ. ಕಣ್ಣಿನಿಂದ ನೋಡದೆ, ಕೈಯಿಂದ ಮುಟ್ಟದೆ, ನೂರಾರು ಮೈಲಿ ಆಚೆಯ ದೋಣಿಯ ಬಗ್ಗೆ ಇಲ್ಲಿ ಕೂತು ಹೇಳುವುದು ಹೇಗೆ? ಯಾವುದಾದರೇನು, ಎರಡೂ ಛಲೋ ಅದಾವ, ನಿನಗ ತಿಳಿದದ್ದು ಮಾಡು ಎಂದುಬಿಟ್ಟರೆ ಮುಗಿಯಿತು. ಹಾಗೆಂದೇ ಹೇಳಲು ಫೋನು ಹಚ್ಚಿದ. ಬಾಯಿಂದ ಬಂದದ್ದು, ಬಿಳಿದು ಬ್ಯಾಡ.

ಯಾಕೆ ಎಂದು ಕೇಳಿದಳು. ಹೊಸ ಬಣ್ಣ ಹಚ್ಚಿದ್ದಾರೆ ಎಂದ. ಪ್ರತಿ ವರ್ಷ ಹಚ್ಚುತ್ತಾರೆ, ಚಿಪ್ಪು ಹಿಡಿಯಬಾರದು ಅಂತ, ಅದು ನಿಯಮ, ಸರ್ಟಿಫಿಕೇಟೂ ಇದೆ ಎಂದಳು. ಆದರೂ ಬ್ಯಾಡ ಎಂದ. ಅಪ್ಪ, ಬ್ಯಾಡ ಅಂದ್ರ ಆಗಂಗಿಲ್ಲ, ಕಾರಣ ಬರೀಬೇಕು ನಾನು ಎಂದಳು, ದನಿಯಲ್ಲಿ ಮೊದಲ ಸಲ ಬೇಸರ ಇತ್ತು, ಹಿಂದೆ ಯಾರೋ ಅವಳನ್ನು ಕರೆಯುತ್ತಿದ್ದರು. ಆಗ ಹೇಳಿದ. ಕೊಳೆತ ಬಿದಿರು, ಶುಕ್ರವಾರ, ಡಾಂಬರು, ನೂರಸಾಬ, ಸೀರೆಯ ಮಾತು. ಆರು ವರ್ಷ ಇಟ್ಟುಕೊಂಡದ್ದು ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ, ಅದಕ್ಕೇ ಅವನಿಗೆ ಆಶ್ಚರ್ಯವಾಯಿತು. ಅಂಜಲಿ ಅಳಲಿಲ್ಲ, ಬೈಯಲಿಲ್ಲ. ಹವಳದ ಬಗ್ಗೆ ಕೇಳುವ ಹಾಗೆ ಒಂದೊಂದಾಗಿ ಕೇಳಿದಳು. ಎಷ್ಟು ಅಗಲ ಇತ್ತು. ಯಾವ ಬದಿ. ಬಳಿದು ಎಷ್ಟು ತಾಸಾಗಿತ್ತು. ಅವನು ಒಂದೊಂದಕ್ಕೂ ಉತ್ತರ ಕೊಟ್ಟ, ಸಾಲೆಯಲ್ಲಿ ಮಾಸ್ತರರ ಮುಂದೆ ನಿಂತ ಹಾಗೆ.

"ಹರದಿದ್ದು ಕೊಳತಿದ್ದ ಜಾಗಾದಾಗನ ಹರದಿತ್ತೋ, ಬ್ಯಾರೆ ಕಡೆ ಬಂಡೆಗಲ್ಲು ಬಡದು ಹರದಿತ್ತೋ?" ಎಂದು ಕೇಳಿದಳು.

"ಗೊತ್ತಿಲ್ಲವ್ವ."

"ನೋಡಲಿಲ್ಲೇನು?"

"ನೋಡಲಿಲ್ಲ. ಸುಟ್ಟೆ."

ಆ ಕಡೆ ಯಾರೋ ಮತ್ತೆ ಅವಳನ್ನು ಕರೆದರು. ಅವಳೂ ಮಲ್ಲೇಶನೂ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು. ಅವಳಿಗೆ ಈಜು ಕಲಿಸಿದ್ದು ಅಪ್ಪ ಅಲ್ಲ, ಆ ಅಣ್ಣ. ಇದನ್ನು ಸಣ್ಣಪ್ಪ ಈಗ ನೆನೆಸಿಕೊಂಡ, ಹೇಳಿ ಆದ ಮೇಲೆ. "ಮೀಟಿಂಗಿಗೆ ಕರ್ಯಾಕ ಹತ್ಯಾರಪ" ಎಂದಳು ಕೊನೆಗೆ. "ದೊಡ್ಡವ್ವಗ ಹೇಳು" ಎಂದಳು. ಫೋನು ಇಟ್ಟಳು. ನಂಬಿದಳೋ, ಇನ್ನು ಮುಂದೆ ಮಾತಾಡುತ್ತಾಳೋ ಇಲ್ಲವೋ, ಯಾವ ದೋಣಿ ಬರೆಯುತ್ತಾಳೋ, ಯಾವುದೂ ಆ ದನಿಯಲ್ಲಿ ಇರಲಿಲ್ಲ.

ಹುಲಿಗವ್ವ ಅಂಗಳದಲ್ಲಿ ಕೂತು ಪುಂಡಿಪಲ್ಲೆಯ ಎಲೆ ಬಿಡಿಸುತ್ತಿದ್ದಳು. ಮೊರದಲ್ಲಿ ಎಲೆ, ಪಕ್ಕಕ್ಕೆ ದಂಟು. ಸಣ್ಣಪ್ಪ ಚಪ್ಪಲಿ ಬಿಟ್ಟು ಎದುರಿನ ಕಟ್ಟೆಯ ಮೇಲೆ ಕೂತ. ಬರುವ ದಾರಿಯಲ್ಲಿ ಹೇಗೆ ಶುರು ಮಾಡಬೇಕು ಎಂದು ಮೂರು ನಾಲ್ಕು ಥರ ಹೇಳಿಕೊಂಡಿದ್ದ. ಯಾವುದೂ ಅವಳ ಮುಂದೆ ಕೂತಾಗ ಉಳಿಯಲಿಲ್ಲ. ಅವಳೇ ತಲೆ ಎತ್ತದೆ, ಯಾವುದು ಆರಿಸಿದಿ ಎಂದು ಕೇಳಿದಳು. ಕಟ್ಟಿಗಿದ್ದು ಅಂದೆ ಎಂದ. ಬಿಳಿದು ಛಲೋ ಇತ್ತಲ್ಲ, ಯಾಕ ಬ್ಯಾಡ ಅಂದಿ ಎಂದಳು.

"ತಳಕ್ಕ ಹೊಸಾ ಬಣ್ಣ ಹಚ್ಚ್ಯಾರ ಯಕ್ಕ."

ಎಲೆ ಬಿಡಿಸುವ ಕೈ ನಿಂತಿತು. ದಂಟು ಕೈಯಲ್ಲೇ ಇತ್ತು. ಬೀದಿಯಲ್ಲಿ ಒಂದು ಟ್ರ್ಯಾಕ್ಟರು ಹೋಯಿತು, ಅದು ಪೂರ್ತಿ ಹೋಗುವ ತನಕ ಅವಳು ಕಾದಳು.

"ಡಾಂಬರ ಕಾಸಿದಾಕಿ ನಾನ ಅಲ್ಲೇನೋ" ಎಂದಳು.

ಸಣ್ಣಪ್ಪ ಅವಳ ಮುಖ ನೋಡಿದ. ಅವರ ಮನೆತನಗಳಲ್ಲಿ ಗಂಡಸರು ಡಾಂಬರಿಗೆ ಬೆಂಕಿ ಹಚ್ಚುವುದಿಲ್ಲ. ಒಲೆ ಹೂಡುವುದು, ಡಬ್ಬಿ ಇಡುವುದು, ಉಕ್ಕದ ಹಾಗೆ ಕಡ್ಡಿಯಲ್ಲಿ ತಿರುವುವುದು ಹೆಂಗಸರ ಕೆಲಸ. ಗಂಡಸು ಬೋರಲು ಹಾಕಿದ ಹರಿಗೋಲಿನ ಮುಂದೆ ಕೂತು ಕೈ ಚಾಚುತ್ತಾನೆ, ಡಬ್ಬಿ ಬರುತ್ತದೆ. ಅವತ್ತೂ ಚಾಚಿದ್ದ, ಬಂದಿತ್ತು. ಆರು ವರ್ಷದಲ್ಲಿ ಆ ಶುಕ್ರವಾರವನ್ನು ಎಷ್ಟು ಸಾವಿರ ಸಲ ನೋಡಿದ್ದನೋ, ಡಬ್ಬಿ ಕಂಡಿತ್ತು, ಹೊಗೆ ಕಂಡಿತ್ತು, ತನ್ನ ಕೈ ಕಂಡಿತ್ತು. ಡಬ್ಬಿ ಹಿಡಿದು ತಂದವಳು ಒಂದು ಸಲವೂ ಕಂಡಿರಲಿಲ್ಲ.

"ಕೊಳತದ್ದು ನಾನೂ ನೋಡಿದ್ದೆ" ಎಂದಳು ಹುಲಿಗವ್ವ. ಅವಳ ದನಿ ಸಂತೆಯ ವಿಷಯ ಹೇಳುವ ದನಿಯಂತೆಯೇ ಇತ್ತು. "ನೀ ಒಂದ ಕೈ ಹಚ್ಚಿ ಎದ್ದಿದ್ದಿ. ನೂರಸಾಬ ಕೆರದು ನೋಡ್ತಾನ, ಇನ್ನೊಂದ ಕೈ ಹಚ್ಚು ಅಂದಾಕಿ ನಾನ. ಅದು ಮಾರಿ ಹೋದ್ರ ನನ್ನ ಮಗಗ ಹೊಸಾದು ಕಟ್ಟಸಬೇಕಂತ ಇತ್ತು ನನಗ. ಶನಿವಾರ ಅಂವ ಅದನ್ನ ಹೊತ್ತಗೊಂಡು ಹೋಗೂದ ನೋಡಿದೆ, ಇದ ಕಟ್ಟಿ ಮ್ಯಾಲೆ ಕುಂತಿದ್ದೆ. ಕೂಗಬೇಕಂದೆ. ಇಷ್ಟ ದೂರಕ್ಕ ಏನ ಆಕ್ಕೈತಿ ಅನಸ್ತು."

ಸಣ್ಣಪ್ಪನಿಗೆ ಬಂದದ್ದು ಸಿಟ್ಟು. ಬೇರೇನೂ ಬರುವ ಮೊದಲು ಅದೇ ಬಂತು, ಅವನ ಮೈಗೆ ಗೊತ್ತಿದ್ದದ್ದು ಅದೊಂದೇ. ಆರು ವರ್ಷ ನನ್ನ ತಟ್ಟೆಗೆ ರೊಟ್ಟಿ ಹಾಕಿದಿ, ಒಂದು ದಿನ ಇದನ್ನು ಹೇಳಲಿಲ್ಲ, ನಾನು ತಲೆ ತಗ್ಗಿಸಿ ಉಣ್ಣುವುದನ್ನು ನೋಡಿಕೊಂಡು ಕೂತಿದ್ದಿ ಎಂದು ಕೂಗಬೇಕೆನ್ನಿಸಿತು. ಆಮೇಲೆ, ಅವಳೂ ಅವನ ಮುಖ ನೋಡದೆ ಬಡಿಸುತ್ತಿದ್ದಳು ಎನ್ನುವುದು ಹೊಳೆಯಿತು. ಸಿಟ್ಟು ಹಾಕಲು ಜಾಗವಿಲ್ಲದೆ ಎದೆಯಲ್ಲೇ ನಿಂತಿತು. ಈ ಮನೆಯಲ್ಲಿ ಅವನದು ಅಂತ ಇದ್ದದ್ದು ಆ ತಪ್ಪು ಒಂದೇ. ಅದನ್ನು ಯಾರಿಗೂ ಕಾಣದಂತೆ, ಸವೆಯದಂತೆ ಇಟ್ಟುಕೊಂಡಿದ್ದ. ಈಗ ಅದರಲ್ಲೂ ಅರ್ಧ ಅವನದಲ್ಲ ಎಂದಾಗ ಹಗುರವಾಗಬೇಕಿತ್ತು. ಹಗುರವಾಗಲಿಲ್ಲ. ಕೈಯಲ್ಲಿದ್ದ ಗಂಟನ್ನು ಯಾರೋ ಕಿತ್ತುಕೊಂಡ ಹಾಗಾಗಿ, ಕೈಗಳನ್ನು ಎಲ್ಲಿಡಬೇಕು ಎಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಹುಲಿಗವ್ವ ಮತ್ತೆ ಎಲೆ ಬಿಡಿಸತೊಡಗಿದಳು. ದಂಟಿನ ಕಡೆ ಎಲೆ, ಎಲೆಯ ಕಡೆ ದಂಟು ಬೀಳುತ್ತಿತ್ತು, ಅವಳು ನೋಡಲಿಲ್ಲ.

ಐದೂವರೆಗೆ ಫೋನು ಸದ್ದು ಮಾಡಿತು. ಮಾತಲ್ಲ, ಬರೆದದ್ದು. ಏನಂತ, ಓದು ಎಂದಳು ಹುಲಿಗವ್ವ. ಅವನು ಒಡೆದ ಗಾಜಿನ ಮೇಲೆ ಬೆರಳಿಟ್ಟುಕೊಂಡು ಒಂದೊಂದು ಅಕ್ಷರ ಕೂಡಿಸಿ ಓದಿದ. ಕಟ್ಟಿಗೆ ದೋಣಿ ಎಂದು ಹೇಳಿದೆ ಅಪ್ಪ. ಕಾರಣ ಕೇಳಿದರು. ಕಾರಣ ಬರೆಯಲು ಆಗಲಿಲ್ಲ. ಕೈ ಎತ್ತಿಸಿದರು, ನಾಲ್ಕು ಮಂದಿ ಬಿಳಿಯದಕ್ಕೆ ಎತ್ತಿದರು. ಬಿಳಿಯದೇ ಆಯಿತು. ಶುಕ್ರವಾರ ಹೊರಡುತ್ತೇವೆ. ಎಲ್ಲರೂ ಹತ್ತುವ ಮೊದಲು ಬಂದರಿನಲ್ಲಿ ನಾನೊಬ್ಬಳೇ ನೀರಿಗಿಳಿದು ತಳ ಪೂರ್ತಿ ಮುಟ್ಟಿ ನೋಡುತ್ತೇನೆ. ಅಷ್ಟೇ ಇತ್ತು. ಕೊನೆಗೆ ಹೆಸರೂ ಇರಲಿಲ್ಲ.

ಹುಲಿಗವ್ವ ಕೈಯಲ್ಲಿದ್ದ ದಂಟು ಕೆಳಗಿಟ್ಟಳು. "ಮುಟ್ಟಿದ್ರ ತಿಳೀತೈತೇನು?" ಎಂದು ಕೇಳಿದಳು.

"ತಿಳೀತೈತಿ."

"ತಿಳದ ಮ್ಯಾಲೆ?"

ತಿಳಿದ ಮೇಲೆ ಅವನೇನು ಮಾಡಿದ್ದ, ಅವಳೇನು ಮಾಡಿದ್ದಳು. ಅಲ್ಲಿ ದಂಡೆಯ ಮೇಲೆ ನಾಲ್ಕು ಮಂದಿ ಸಾಮಾನು ಹೊತ್ತುಕೊಂಡು ನಿಂತಿರುತ್ತಾರೆ, ದೋಣಿಯವರು ಗಂಟೆ ನೋಡಿಕೊಳ್ಳುತ್ತಿರುತ್ತಾರೆ, ಹೊಸ ಬಣ್ಣ ಬಿಸಿಲಿಗೆ ಹೊಳೆಯುತ್ತಿರುತ್ತದೆ, ನೀರಿನಿಂದ ತಲೆ ಎತ್ತಿದ ಹುಡುಗಿಯನ್ನು ಆ ಸರ್ ಏನಮ್ಮಾ ಎಂದು ನಗುತ್ತಾ ಕೇಳುತ್ತಾನೆ. ಒಂದು ಮಾತು ಹೇಳಲು ಆ ಹೊತ್ತಿಗೆ ಎಷ್ಟು ಉಸಿರು ಬೇಕು ಎನ್ನುವುದು ಯಾರ ಓದಿನಲ್ಲೂ ಇರುವುದಿಲ್ಲ. ಸಣ್ಣಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬರೆಯತೊಡಗಿದ. ಹೆಬ್ಬೆರಳು ಅಗಲ, ಒಂದು ಅಕ್ಷರ ಒತ್ತಿದರೆ ಪಕ್ಕದ್ದು ಬೀಳುತ್ತಿತ್ತು. ಅಳಿಸಿ ಮತ್ತೆ ಒತ್ತಿದ. ತಳ ಕೈಗೆ ಮೆತ್ತಗ ಹತ್ತಿದರ, ಎಂದು ಬರೆದಾಯಿತು. ಮುಂದಿನದು ಬರಲಿಲ್ಲ. ಹುಲಿಗವ್ವ ಮೊರ ಪಕ್ಕಕ್ಕೆ ಸರಿಸಿ, ಅವನ ಹತ್ತಿರ ಬಂದು ಕೂತು, ಅಕ್ಷರ ಬಾರದ ಕಣ್ಣಿನಿಂದ ಆ ಒಡೆದ ಗಾಜನ್ನೇ ನೋಡುತ್ತ, ಅವನು ಬರೆದು ಮುಗಿಸಿ ಓದಿ ಹೇಳಲಿ ಎಂದು ಕಾದಳು.